ಕಂಪ್ಯೂಟರ್ ಬಿಚ್ಚಿದ ತಪ್ಪಿಗೆ

ಸಂಘಕ್ಕೆ ಕಂಪ್ಯೂಟರ್ ಬರುತ್ತದೆ ಎಂದು ಗೊತ್ತಾದಾಗ ಅದನ್ನು ಕಲಿಯಲು ಗಂಡಸರು ಯಾರೂ ಮುಂದೆ ಬರಲಿಲ್ಲ. ಅದಕ್ಕೇ ನನ್ನನ್ನು ಕಳಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವರೆಲ್ಲ ಹೇಳಿಕೊಂಡು ತಿರುಗಿದ ಕಥೆ ಬೇರೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಗುಬ್ಬಿಯಲ್ಲಿ ತೆಂಗು ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ ಟೈಪಿಸ್ಟ್ ಆಗಿದ್ದೆ. ಮನೆ ತುಮಕೂರಿನಲ್ಲಿ, ಅಮ್ಮ ಮತ್ತು ನಾನು ಇಬ್ಬರೇ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಾಯಂಕಾಲ ಬಸ್ಸಿನಲ್ಲಿ ಬರುತ್ತಿದ್ದೆ. ಕಂಪ್ಯೂಟರ್ ತರಬೇತಿಗೆ ಹೆಸರು ಕೊಡಿ ಎಂದು ಕಾರ್ಯದರ್ಶಿಗಳು ಸುತ್ತೋಲೆ ಕಳಿಸಿದಾಗ ಒಬ್ಬ ಗುಮಾಸ್ತರಿಗೆ ಕಣ್ಣು ನೋವು ಬಂತು. ಇನ್ನೊಬ್ಬರಿಗೆ ಮಗಳ ಮದುವೆ ಮಾತುಕತೆ ಶುರುವಾಯಿತು. ಮೂರನೆಯವರು, "ನಂಗಿನ್ನು ಆರು ವರ್ಷ ಸರ್ವೀಸು, ಅದು ಬರೋ ಹೊತ್ತಿಗೆ ನಾನು ಹೋಗಿರ್ತೀನಿ" ಎಂದರು. ಉಳಿದವಳು ನಾನು. ತುಮಕೂರಿನ ಒಂದು ಕಂಪ್ಯೂಟರ್ ಶಾಲೆಯಲ್ಲಿ ಎರಡು ತಿಂಗಳು, ಆಫೀಸು ಮುಗಿಸಿ ಬಂದು, ಟಿಫನ್ ಕ್ಯಾರಿಯರ್ ಬೆಂಚಿನ ಕೆಳಗಿಟ್ಟುಕೊಂಡು ಕಲಿತೆ.

ಕಂಪ್ಯೂಟರ್ ಬಂದ ದಿನದಿಂದ ಅದು ನನ್ನದಲ್ಲ ಎಂದು ತಿಳಿಸುವ ಕೆಲಸ ಶುರುವಾಯಿತು. ಗೋದಾಮಿನ ಪಕ್ಕದ ಚಿಕ್ಕ ಕೋಣೆಗೆ ಸುಣ್ಣ ಬಳಿದು, ಕಿಟಕಿಗೆ ಪರದೆ ಹಾಕಿ, ಅಲ್ಲಿ ಅದನ್ನು ಕೂರಿಸಿದರು. ಪೂಜೆ ಮಾಡಿಸಿದರು. ಟಿ.ವಿ.ಯಂಥ ಪರದೆಯ ನೆತ್ತಿಗೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ. ಪೂಜೆಗೆ ನನ್ನ ತಕರಾರಿಲ್ಲ, ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ನಿಗೂ ಮಾಡುತ್ತಾರೆ. ಆದರೆ ಚಪ್ಪಲಿ ಹೊರಗೆ ಬಿಡಬೇಕು, ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಹತ್ತಿರವೇ ಇರಬೇಕು, ದಿನಾ ಬೆಳಿಗ್ಗೆ ನಾನು ಅವರ ಮೇಜಿನ ಮುಂದೆ ನಿಂತು ಕೇಳಿ ಪಡೆಯಬೇಕು, ಸಾಯಂಕಾಲ ಒಪ್ಪಿಸಬೇಕು. ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಪ್ಲಾಸ್ಟಿಕ್ ಕವರ್ ಸಮೇತ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಒಮ್ಮೆ ಕೇಳಿದ್ದಕ್ಕೆ, "ಅದು ರೆಕಾರ್ಡಮ್ಮ, ಓದಕ್ಕಲ್ಲ" ಎಂದರು.

ಆದರೂ ಕೆಲಸ ನಾನೇ ಮಾಡಿದೆ. ಆ ವರ್ಷ ಸಂಘದ ಚುನಾವಣೆ. ಎರಡು ಸಾವಿರಕ್ಕೂ ಮೇಲ್ಪಟ್ಟ ಸದಸ್ಯರ ಹೆಸರು, ತಂದೆಯ ಹೆಸರು, ಊರು, ಸದಸ್ಯತ್ವದ ನಂಬರು, ಎಲ್ಲವನ್ನೂ ಮೂರು ತಿಂಗಳು ಕೂತು ಫ್ಲಾಪಿಗೆ ತುಂಬಿದ್ದೆ. ಆಗ ಅದರಲ್ಲಿ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹೆಸರು. ಆ ಬಗ್ಗೆ ನನಗಿದ್ದ ಸಿಟ್ಟು ಬೇರೆಯೇ ಒಂದು, ಅದನ್ನು ಇಲ್ಲಿ ತರುವುದಿಲ್ಲ. ಗೊತ್ತುಮಾಡಿದ್ದ ಒಂದು ಶುಕ್ರವಾರ ಮತದಾರರ ಪಟ್ಟಿಯನ್ನು ಸಂಘದ ಬಾಗಿಲಲ್ಲಿ ಅಂಟಿಸಲೇಬೇಕಿತ್ತು. ಅದರ ಹಿಂದಿನ ಶನಿವಾರ ಸಾಯಂಕಾಲ ನಿಟ್ಟೂರು ಹೋಬಳಿಯ ಕೊನೆಯ ಹೆಸರು ಹಾಕಿ, ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ, ಬೀಗದ ಕೈ ಒಪ್ಪಿಸಿ ಬಂದೆ. ಸೋಮವಾರ ಪ್ರಿಂಟ್ ತೆಗೆಯುವುದಷ್ಟೇ ಬಾಕಿ.

ಸೋಮವಾರ ಅದು ಹೊತ್ತಿಕೊಳ್ಳಲಿಲ್ಲ.

ಸ್ವಿಚ್ ಹಾಕಿದೆ. ಒಳಗಿನ ಫ್ಯಾನ್ ತಿರುಗುವ ಸದ್ದು ಬಂತು. ದಿನಾ ಆದರೆ ಸ್ವಲ್ಪ ಹೊತ್ತಿಗೆ "ಪೀಂ" ಎಂದು ಒಂದು ಗಿಡ್ಡ ಕೂಗು, ಪರದೆಯ ಮೇಲೆ ಹಸಿರು ಅಂಕಿಗಳು. ಅಂದು ಒಂದು ಉದ್ದ ಕೂಗು, ಹಿಂದೆಯೇ ಎರಡು ಗಿಡ್ಡ ಕೂಗು. ಪರದೆ ಕಪ್ಪಗೇ ಉಳಿಯಿತು. ಆರಿಸಿ ಮತ್ತೆ ಹಾಕಿದೆ. ಮತ್ತೆ ಒಂದು ಉದ್ದ, ಎರಡು ಗಿಡ್ಡ. ಸ್ಟೆಬಿಲೈಜರ್ ಮುಳ್ಳು ಸರಿಯಾದ ಜಾಗದಲ್ಲೇ ಇತ್ತು. ಪರದೆಯ ವೈರು ಗಟ್ಟಿಯಾಗಿತ್ತು. ಮೇಜಿನ ದೀಪ ತಂದು ಅದೇ ಪ್ಲಗ್ಗಿಗೆ ಹಾಕಿ ನೋಡಿದೆ, ಉರಿಯಿತು. ಕರೆಂಟ್ ಬರುತ್ತಿದೆ, ಕಂಪ್ಯೂಟರ್ ಏಳುತ್ತಿಲ್ಲ. ನನಗೆ ಕಲಿಸಿದವರು ಪ್ರೋಗ್ರಾಂ ಹೇಗೆ ಬರೆಯುವುದು, ಫ್ಲಾಪಿ ಹೇಗೆ ಹಿಡಿಯುವುದು ಹೇಳಿಕೊಟ್ಟಿದ್ದರೇ ಹೊರತು ಕಂಪ್ಯೂಟರೇ ಏಳದಿದ್ದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ.

ಹೋಗಿ ಕಾರ್ಯದರ್ಶಿಗಳಿಗೆ ತಿಳಿಸಿದೆ. ಅವರು ಎದ್ದು ಬಂದರು. ಐವತ್ತು ದಾಟಿದವರು, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

"ಏನ್ ಮಾಡಿದ್ರಮ್ಮ ಇದಕ್ಕೆ?"

"ಏನೂ ಮಾಡಿಲ್ಲ ಸಾರ್. ಶನಿವಾರ ಸರಿಯಾಗಿತ್ತು. ಇವತ್ತು ಸ್ವಿಚ್ ಹಾಕಿದ್ರೆ ಹಿಂಗೆ ಕೂಗ್ತಿದೆ."

"ಏನೂ ಮಾಡ್ದೆ ಹೆಂಗ್ ಕೂಗುತ್ತೆ? ಇಷ್ಟು ದಿನ ಕೂಗ್ತಿತ್ತಾ?"

ಬೆಂಗಳೂರಿನ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದರು. ಮಧ್ಯಾಹ್ನಕ್ಕೆ ಲೈನ್ ಸಿಕ್ಕಿತು. ಎಂಜಿನಿಯರ್ ಬರಲು ಹತ್ತು ದಿನವಾಗುತ್ತದಂತೆ. ಫೋನ್ ಇಟ್ಟವರೇ ನನ್ನ ಕಡೆ ತಿರುಗಿ, ಶುಕ್ರವಾರದೊಳಗೆ ಎರಡು ಸಾವಿರ ಹೆಸರನ್ನೂ ಟೈಪ್‌ರೈಟರಿನಲ್ಲಿ ಹೊಡೆದುಕೊಡಬೇಕು ಎಂದರು. ಮೂರು ತಿಂಗಳ ಕೆಲಸವನ್ನು ನಾಲ್ಕು ದಿನದಲ್ಲಿ. ಸಾಯಂಕಾಲದ ಹೊತ್ತಿಗೆ ಮೆಮೊ ಬಂತು. "ತಮ್ಮ ಅಜಾಗರೂಕತೆಯಿಂದ ಸಂಘದ ಬೆಲೆಬಾಳುವ ಯಂತ್ರವು ಕೆಟ್ಟು ನಿಂತಿದ್ದು" ಎಂದು ಶುರುವಾಗುವ ಆ ಮೆಮೊವನ್ನು ನನ್ನಿಂದಲೇ ಟೈಪ್ ಮಾಡಿಸಿದರು. ಆಫೀಸಿಗೆ ಟೈಪಿಸ್ಟ್ ನಾನೊಬ್ಬಳೇ ಇದ್ದೆ. ನನ್ನ ಅಜಾಗರೂಕತೆಯನ್ನು ಎರಡು ಕಾರ್ಬನ್ ಇಟ್ಟು, ಒಂದೂ ತಪ್ಪಿಲ್ಲದೆ ಹೊಡೆದುಕೊಟ್ಟೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ನಾನೂ ಅತ್ತು ಸುಮ್ಮನಾಗುತ್ತಿದ್ದೆನೇನೋ. ನಿಲ್ಲಲಿಲ್ಲ. ಆಫೀಸು ಬಿಡುವ ಹೊತ್ತಿಗೆ ಆಯಾ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಆಫೀಸು ಗುಡಿಸಿ, ನೀರು ತುಂಬಿ, ಎಲ್ಲರಿಗೂ ಕಾಫಿ ತಂದುಕೊಡುವ ಹೆಂಗಸು. ನಮ್ಮಮ್ಮನ ವಯಸ್ಸು. ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ಕಾರ್ಯದರ್ಶಿಗಳು ಒಂದ್ ಮಾತ್ ಕೇಳ್ಕೊಂಡ್ ಬಾ ಅಂದ್ರು ಕಣವ್ವ. ನಂಗೂ ಕೇಳಕ್ಕೆ ನಾಚ್ಕೆ."

"ಏನು?"

"ಶನಿವಾರ ನೀನು ಆ ರೂಮ್‌ನಾಗೆ ಹೋದಾಗ... ಮೈಲಿಗೆ ಏನಾರ ಇತ್ತಾ ಅಂತ. ಪೂಜೆ ಮಾಡಿರೋ ಮಿಷನ್ನು, ಹೊರಗಾದವ್ರು ಮುಟ್ಟಿದ್ರೆ ಹಿಂಗಾಗ್ತದೆ ಅಂತ ಅವ್ರು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಕಿವಿಯಿಂದ ಕತ್ತಿನವರೆಗೂ ಬಿಸಿಯೇರಿತು. ಸಿಟ್ಟು ಬಂದದ್ದು ಆಯಾಳ ಮೇಲೆ ಅಲ್ಲ. ಆಕೆ ನೆಲ ನೋಡುತ್ತಿದ್ದಳು. ಗಾಜಿನ ಬಾಗಿಲಿನ ಆಚೆ ಕಾರ್ಯದರ್ಶಿಗಳು ಯಾವುದೋ ಫೈಲ್ ನೋಡುತ್ತ ಕೂತಿದ್ದರು. ಅಜಾಗರೂಕತೆ ಎಂದು ಮುಖಕ್ಕೇ ಹೇಳಬಲ್ಲವರು ಇದನ್ನು ಮುಖಕ್ಕೆ ಕೇಳಲಾರದೆ ಕಾಫಿ ತರುವವಳ ಕೈಯಲ್ಲಿ ಕಳಿಸಿದ್ದರು.

"ಕೇಳಿದೆ, ಉತ್ತರ ಕೊಡ್ಲಿಲ್ಲ ಅಂತ ಹೇಳಿ" ಎಂದೆ.

ಮನೆಗೆ ಹೋಗಿ ಅಮ್ಮನ ಹತ್ತಿರ ಹೇಳಿದರೆ ಅವಳು, "ಇಲ್ಲ ಅಂದ್‌ಬಿಟ್ಟಿದ್ರೆ ಮುಗೀತಿತ್ತಲ್ಲೇ" ಎಂದಳು. ಅಮ್ಮನ ಮೇಲೂ ರೇಗಿದೆ. ಇಲ್ಲ ಎಂದರೆ, ಹೌದಾಗಿದ್ದರೆ ಮಿಷನ್ ಕೆಡುತ್ತಿತ್ತು ಎಂದು ನಾನೇ ಒಪ್ಪಿದಂತೆ. ಹೌದೋ ಅಲ್ಲವೋ ಎಂಬುದನ್ನು ಅಂದು ಯಾರಿಗೂ ಹೇಳಲಿಲ್ಲ, ಈಗ ಇಲ್ಲಿಯೂ ಹೇಳುವುದಿಲ್ಲ. ಅದು ಯಾರೂ ಕೇಳಬೇಕಾದ ವಿಷಯವಲ್ಲ.

ಮರುದಿನ ಮಂಗಳವಾರ ರಜೆ ಹಾಕಿದೆ. ಬೆಳಿಗ್ಗೆಯೇ ಕುಣಿಗಲ್ ಬಸ್ ಹತ್ತಿದೆ. ಕುಣಿಗಲ್‌ನಲ್ಲಿ ನಮ್ಮ ಸೋದರಮಾವ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ಬಸ್ ನಿಲ್ದಾಣದಿಂದ ನಡೆದರೆ ಐದು ನಿಮಿಷ. ಕಂಪ್ಯೂಟರ್ ಅನ್ನು ಅವರು ಕಣ್ಣಿನಿಂದ ನೋಡಿರಲಿಲ್ಲ. ಆದರೆ ಕೆಟ್ಟ ವಸ್ತುವಿನ ಮುಂದೆ ಕೂರುವುದು ಅವರಿಗೆ ಗೊತ್ತಿತ್ತು, ಮತ್ತು ನನಗೆ ಬೇರೆ ಯಾರೂ ಇರಲಿಲ್ಲ.

ಮಾವ ಒಂದು ಟ್ರಾನ್ಸಿಸ್ಟರನ್ನು ಬೋರಲು ಹಾಕಿಕೊಂಡು ಬೆಸುಗೆ ಹಾಕುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದರು. ಆ ಮೈಲಿಗೆಯ ಮಾತನ್ನೂ ಹೇಳಿದೆ. ಆಗ ಮಾತ್ರ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿನ ಮೇಲಿಟ್ಟರು.

"ಥೂ" ಎಂದರು. ಆಮೇಲೆ, "ಅದಿರ್ಲಿ ಬಿಡು. ಕೂಗ್ತು ಅಂದ್ಯಲ್ಲ, ಹೆಂಗ್ ಕೂಗ್ತು?"

"ಒಂದು ಉದ್ದ, ಎರಡು ಗಿಡ್ಡ."

"ಪ್ರತಿ ಸಲಾನೂ ಅಷ್ಟೇನಾ?"

"ಪ್ರತಿ ಸಲಾನೂ."

"ಹಂಗಾದ್ರೆ ಸತ್ತಿಲ್ಲ ಕಣೇ ಅದು. ಸತ್ತಿದ್ರೆ ಕೂಗ್ತಿರ್ಲಿಲ್ಲ. ಲೆಕ್ಕವಾಗಿ ಕೂಗ್ತಿದೆ ಅಂದ್ರೆ ಅದನ್ನ ಮಾಡಿದವನು ಅದಕ್ಕೊಂದು ಅರ್ಥ ಇಟ್ಟಿರ್ತಾನೆ. ಜೊತೆಗೆ ಪುಸ್ತಕ ಬಂದಿಲ್ವಾ?"

"ಬೀರುನಲ್ಲಿದೆ. ಕವರ್ರೂ ಬಿಚ್ಚಿಲ್ಲ."

ಮಾವ ನಗಲಿಲ್ಲ. "ಇನ್ನೊಂದು ಕೇಳ್ತೀನಿ. ಶನಿವಾರ ಸಾಯಂಕಾಲ ಸರಿ ಇತ್ತು. ಸೋಮವಾರ ಬೆಳಿಗ್ಗೆ ಇಲ್ಲ. ಭಾನುವಾರ ಏನಾಯ್ತು?"

"ಭಾನುವಾರ ಆಫೀಸಿಲ್ಲ."

"ನಿಂಗಿಲ್ಲ" ಎಂದರು ಮಾವ. "ಬೀಗದ ಕೈ ಇದ್ದೋರಿಗೆ?"

ಎರಡು ರಾತ್ರಿ ಒಂದು ಹಗಲು ಆ ಕಂಪ್ಯೂಟರ್ ನನ್ನ ಕಣ್ಣಿನ ಮುಂದೆ ಇರಲಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ತಪ್ಪು ನನ್ನದೇ ಎಂದು ಎಲ್ಲರೂ ಅಷ್ಟು ಗಟ್ಟಿಯಾಗಿ ನಂಬಿದ್ದರಿಂದ ನಾನೂ ಒಳಗೊಳಗೇ ಶನಿವಾರ ಯಾವ ಬಟನ್ ಒತ್ತಿದೆ ಎಂದು ಹುಡುಕುತ್ತಿದ್ದೆ. ಮಾವ ಒಂದು ಸ್ಕ್ರೂಡ್ರೈವರ್ ಕೊಟ್ಟರು. ಪ್ಲಗ್ ಕಿತ್ತಮೇಲೇ ಮುಟ್ಟಬೇಕು, ಮುಟ್ಟುವ ಮೊದಲು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಹಿಡಿಯಬೇಕು, ಯಾವುದನ್ನೂ ಬಲವಂತವಾಗಿ ಎಳೆಯಬಾರದು, ಬಿಚ್ಚಿದ ಸ್ಕ್ರೂಗಳನ್ನು ಒಂದು ಲೋಟಕ್ಕೆ ಹಾಕಿಡಬೇಕು ಎಂದರು. ಇದರಲ್ಲಿ ಸರಳು ಹಿಡಿಯುವುದು ಯಾಕೆಂದು ಅವರಿಗೂ ಪೂರ್ತಿ ಗೊತ್ತಿರಲಿಲ್ಲ. ಹೊಸ ಟಿ.ವಿ. ಸೆಟ್ಟುಗಳಿಗೆ ಹಾಗೆ ಮಾಡಬೇಕೆಂದು ಯಾರೋ ಹೇಳಿದ್ದರಂತೆ.

ಬುಧವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಆಯಾ ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಭಾನುವಾರ ಆಫೀಸಿಗೆ ಯಾರಾದ್ರೂ ಬಂದಿದ್ರಾ?" ಎಂದು ಕೇಳಿದೆ.

ಆಕೆ ಬಕೆಟ್ ಕೆಳಗಿಟ್ಟಳು. ಗೇಟಿನ ಕಡೆ ನೋಡಿದಳು.

"ನಾನ್ ಯೋಳ್ದೆ ಅನ್ಬ್ಯಾಡ ಕಣವ್ವ. ಅಧ್ಯಕ್ಷರು ಬಂದಿದ್ರು. ಕಾರ್ಯದರ್ಶಿಗಳೂ ಇದ್ರು. ಎಲೆಕ್ಸನ್‌ಗೆ ಪಾಂಪ್ಲೆಟ್ ಮಾಡಿಸ್ತಾರಂತೆ, ಅದ್ಕೆ ಫೋಟೋದೋನ್ ಕರ್ಕೊಂಡ್ ಬಂದಿದ್ರು. ರೂಮ್‌ನಾಗೆ ಬೆಳಕು ಸಾಲ್ದು ಅಂತ ಆ ಮಿಷನ್ನ ಜಗಲಿಗೆ ತರಿಸಿದ್ರು."

"ಯಾರು ಎತ್ಕೊಂಡ್ ಬಂದ್ರು?"

"ಕೊಬ್ಬರಿ ಮೂಟೆ ಹೊರೋ ಇಬ್ರು. ಬಾಗ್ಲು ಕಿರಿದು ನೋಡು, ಹಿಂಗ್ ವಾರೆ ಮಾಡಿ ತಂದ್ರು. ವಾಪಸ್ ಇಡೋವಾಗ ಟೇಬಲ್ ಮ್ಯಾಕೆ ದಡ್ ಅಂತ ಬುಟ್ರು. ನಾನೇ ನೋಡ್ದೆ. ಆಮ್ಯಾಕೆ ನಿನ್ನನ್ನ ಆ ಮಾತ್ ಕೇಳ್ಕೊಂಡ್ ಬಾ ಅಂತ ನನ್ನೇ ಕಳಿಸಿದ್ರಲ್ಲ, ನಂಗೆ ಅವತ್ತು ಅನ್ನ ಸೇರ್ಲಿಲ್ಲ."

ಆ ಅಂಗಳದಲ್ಲಿ ನನಗಾದದ್ದನ್ನು ಸಿಟ್ಟು ಎಂದು ಕರೆದರೆ ಕಡಿಮೆಯಾಗುತ್ತದೆ. ಮಿಷನ್ ಕೆಟ್ಟದ್ದು ಯಾಕೆಂದು ಅವರಿಗೆ ತಿಳಿಯದಿದ್ದರೆ ಕ್ಷಮಿಸಬಹುದಿತ್ತು. ಸೋಮವಾರ ಬಾಗಿಲಲ್ಲಿ ನಿಂತು "ಏನ್ ಮಾಡಿದ್ರಮ್ಮ" ಎಂದು ಕೇಳಿದಾಗ ಆ ಮನುಷ್ಯನಿಗೆ ಭಾನುವಾರ ನೆನಪಿತ್ತು. ಮೆಮೊ ಹೇಳಿ ಬರೆಸುವಾಗ ನೆನಪಿತ್ತು. ಆಯಾಳನ್ನು ನನ್ನ ಹತ್ತಿರ ಕಳಿಸುವಾಗಲೂ ನೆನಪಿತ್ತು.

ಅಂದು ಕಾರ್ಯದರ್ಶಿಗಳಿಗೆ ಚುನಾವಣೆಯ ವಿಷಯವಾಗಿ ತುಮಕೂರಿನಲ್ಲಿ ಮೀಟಿಂಗ್. ಬೀಗದ ಕೈ ಗೊಂಚಲನ್ನು ಹಿರಿಯ ಗುಮಾಸ್ತರಿಗೆ ಕೊಟ್ಟು ಹತ್ತು ಗಂಟೆಗೆ ಹೊರಟರು. ಕಣ್ಣು ನೋವಿನ ನೆಪದಲ್ಲಿ ತರಬೇತಿ ತಪ್ಪಿಸಿಕೊಂಡವರು ಇವರೇ. ನಾನು ಅವರ ಮುಂದೆ ನಿಂತು, "ಬೀರುನಲ್ಲಿರೋ ಪುಸ್ತಕ ನೋಡ್ಬೇಕು. ಆ ರೂಮಿನ ಬೀಗಾನೂ ತೆಗೀಬೇಕು" ಎಂದೆ.

ಅವರು ನನ್ನನ್ನು ನೋಡಿದರು. ನನ್ನ ಟೈಪ್‌ರೈಟರಿನ ಪಕ್ಕದ ಕಾಗದದ ರಾಶಿ ನೋಡಿದರು. ಬೆಳಿಗ್ಗೆಯಿಂದ ಹೊಡೆದದ್ದು ನಲವತ್ತು ಹೆಸರು. ಗೊಂಚಲನ್ನು ಮೇಜಿನ ಅಂಚಿಗೆ ತಳ್ಳಿ, "ನಾನು ಕಾಫಿಗೆ ಹೋಗ್ತಿದೀನಿ. ಇಲ್ಲಿ ಏನ್ ನಡೀತು ನಂಗೊತ್ತಿಲ್ಲ" ಎಂದು ಎದ್ದು ಹೋದರು. ಅಂಥ ಧೈರ್ಯ ಅವರದು. ಆದರೂ ಅಂದು ಆ ಕಟ್ಟಡದಲ್ಲಿ ಗಂಡಸರಿಂದ ನನಗೆ ಸಿಕ್ಕ ಸಹಾಯ ಅಷ್ಟೇ, ಆದ್ದರಿಂದ ಬರೆದಿಡುತ್ತೇನೆ.

ಪುಸ್ತಕದ ಕವರ್ ಹರಿದೆ. ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇತ್ತು. ಒಂದು ಗಿಡ್ಡ ಕೂಗು, ಎಲ್ಲ ಸರಿ. ಕೂಗೇ ಇಲ್ಲ, ಕರೆಂಟ್ ನೋಡಿ. ಒಂದು ಉದ್ದ, ಎರಡು ಗಿಡ್ಡ ಕೂಗು, ಪರದೆಗೆ ಚಿತ್ರ ಕಳಿಸುವ ಕಾರ್ಡನ್ನು ನೋಡಿ. ಮೂರು ದಿನದಿಂದ ಆ ಕಂಪ್ಯೂಟರ್ ತನಗೆ ಏನಾಗಿದೆ ಎಂದು ಬಾಯಿಬಿಟ್ಟು ಹೇಳುತ್ತಲೇ ಇತ್ತು. ಅದರ ಅರ್ಥ ಹತ್ತು ಹೆಜ್ಜೆ ದೂರದ ಬೀರುವಿನಲ್ಲಿ ರೆಕಾರ್ಡ್ ಆಗಿ ಕೂತಿತ್ತು.

ಆಯಾಳನ್ನು ಬಾಗಿಲಲ್ಲಿ ನಿಲ್ಲಲು ಹೇಳಿದೆ. ಆಕೆ ಒಳಗೇ ಬಂದಳು. ಪ್ಲಗ್ ಕಿತ್ತೆ. ಪರದೆಯನ್ನು ಇಬ್ಬರೂ ಹಿಡಿದು ಕೆಳಗಿಳಿಸಿದೆವು. ಹಿಂಬದಿಯ ಐದು ಸ್ಕ್ರೂ ಬಿಚ್ಚಿ ಕಾಫಿ ಲೋಟಕ್ಕೆ ಹಾಕಿದೆ. ಕಿಟಕಿಯ ಸರಳು ಹಿಡಿದು ಬಿಟ್ಟೆ. ತಗಡಿನ ಮುಚ್ಚಳವನ್ನು ಮುಂದಕ್ಕೆ ಎಳೆದೆ. ಒಳಗೆ ನೋಡಿದರೆ ಅಷ್ಟೇನೂ ಇರಲಿಲ್ಲ. ಒಂದು ಫ್ಯಾನಿನ ಡಬ್ಬಿ, ಹಸಿರು ಹಲಗೆ, ಅದರ ಮೇಲೆ ಸಾಲಾಗಿ ನಿಲ್ಲಿಸಿದ ಮೂರು ಕಾರ್ಡು, ಎಲ್ಲದರ ಮೇಲೂ ತೆಳುವಾಗಿ ಧೂಳು. ಎರಡು ಕಾರ್ಡು ನೆಟ್ಟಗೆ ನಿಂತಿದ್ದವು. ಪರದೆಯ ವೈರು ಬರುವ ಮೂರನೆಯದು ಒಂದು ಕಡೆ ಎದ್ದು ವಾರೆಯಾಗಿತ್ತು. ಉಳಿದೆರಡನ್ನೂ ಹಿಂಬದಿಗೆ ಒಂದೊಂದು ಸ್ಕ್ರೂ ಹಿಡಿದಿತ್ತು. ಇದಕ್ಕೆ ಸ್ಕ್ರೂವೇ ಇರಲಿಲ್ಲ, ಕಂಪನಿಯವರು ಹಾಕಿಯೇ ಇರಲಿಲ್ಲ. ಮೇಜಿನ ಮೇಲೆ ನೆಮ್ಮದಿಯಾಗಿ ಇದ್ದಷ್ಟು ದಿನ ನಡೆಯಿತು. ಮೂಟೆಯಂತೆ ಎತ್ತಿ ಕುಕ್ಕಿದಾಗ ಜಾಗ ಬಿಟ್ಟಿತು.

ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಕಾರ್ಡು ಸೀಳಿನೊಳಗೆ ಕೂತ ಸದ್ದು ಆಯಾಳಿಗೂ ಕೇಳಿಸಿತು.

ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಪರದೆ ಕೂರಿಸಿ, ವೈರು ಜೋಡಿಸಿ, ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪರದೆಯ ಮೂಲೆಯಲ್ಲಿ ಹಸಿರು ಅಂಕಿಗಳು ಏರತೊಡಗಿದವು. ಒಂದು ಗಿಡ್ಡ ಕೂಗು.

"ಬಂತಾ?" ಎಂದಳು ಆಯಾ.

"ಬಂತು."

"ಹಂಗಾರೆ ಮೈಲಿಗೆ ಎಲ್ಲಿತ್ತು?" ಎಂದು ಆಕೆ ಕೇಳಿದಳು. ನಗುತ್ತಿರಲಿಲ್ಲ.

ಮಧ್ಯಾಹ್ನ ಊಟ ಬಿಟ್ಟು ಪಟ್ಟಿ ಪ್ರಿಂಟ್ ತೆಗೆದೆ. ಪ್ರಿಂಟರಿನ ಕರಕರ ಸದ್ದಿಗೆ ಗೋದಾಮಿನವರೆಲ್ಲ ಬಂದು ಬಾಗಿಲಲ್ಲಿ ಇಣುಕಿದರು. ಸಾಯಂಕಾಲ ಕಾರ್ಯದರ್ಶಿಗಳು ಬಂದಾಗ ಎರಡು ಸಾವಿರ ಹೆಸರಿನ ಕಾಗದದ ಮಡಿಕೆಯನ್ನು ಅವರ ಮೇಜಿನ ಮೇಲಿಟ್ಟು, ಕಾರ್ಡು ಕಿತ್ತುಬಂದಿದ್ದನ್ನೂ ಒತ್ತಿ ಕೂರಿಸಿದ್ದನ್ನೂ ಹೇಳಿದೆ. ಭಾನುವಾರದ ಮಾತನ್ನು ಎತ್ತಲಿಲ್ಲ. ಅವರೇ ಎತ್ತುತ್ತಾರೋ ನೋಡೋಣ ಎಂದುಕೊಂಡಿದ್ದೆ.

ಅವರು ಪಟ್ಟಿ ಮುಟ್ಟಲಿಲ್ಲ. "ಬಿಚ್ಚಿದ್ರಾ?" ಎಂದರು.

"ಹೌದು ಸಾರ್."

"ಯಾರನ್ ಕೇಳಿ ಬಿಚ್ಚಿದ್ರಿ?"

ಗುರುವಾರ ಎರಡನೆಯ ಮೆಮೊ. ಅನುಮತಿಯಿಲ್ಲದೆ ಸಂಘದ ಯಂತ್ರವನ್ನು ಬಿಚ್ಚಿದ್ದಕ್ಕೆ, ದಾಖಲೆಯ ಪುಸ್ತಕದ ಹೊದಿಕೆ ಹರಿದಿದ್ದಕ್ಕೆ. ಇದನ್ನೂ ನಾನೇ ಟೈಪ್ ಮಾಡಬೇಕೆಂದು ಕರಡು ಕಳಿಸಿದರು. ವಾಪಸ್ ಕಳಿಸಿದೆ. ಅವರು ತಮ್ಮ ಕೈಯಲ್ಲೇ ಬರೆದು ಕೊಟ್ಟರು. ನಾನು ತೆಗೆದುಕೊಟ್ಟ ಪಟ್ಟಿಯನ್ನು ಮಾತ್ರ ಶುಕ್ರವಾರ ಬೆಳಿಗ್ಗೆ ಬಾಗಿಲಿಗೆ ಅಂಟಿಸಿದರು.

ಮುಂದಿನ ವಾರ ಕಂಪನಿಯ ಎಂಜಿನಿಯರ್ ಬಂದರು. ನನ್ನ ವಯಸ್ಸಿನವರೇ, ಟೈ ಕಟ್ಟಿದ್ದರು. ಎಳನೀರು ಕುಡಿದು, ಮುಚ್ಚಳ ತೆಗೆದು, ಕಾರ್ಡನ್ನು ಅಲ್ಲಾಡಿಸಿ ನೋಡಿದರು. "ಕರೆಕ್ಟಾಗಿ ಕೂರ್ಸಿದಾರೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಬ್ಯಾಗಿನಿಂದ ಒಂದು ಸಣ್ಣ ಸ್ಕ್ರೂ ತೆಗೆದು, ಖಾಲಿ ಇದ್ದ ತೂತಿಗೆ ಬಿಗಿದರು. ರಿಪೋರ್ಟಿನಲ್ಲಿ ಸ್ಕ್ರೂವಿನ ಮಾತೇ ಇಲ್ಲ. "ಕಾರ್ಡು ಸಡಿಲವಾಗಿತ್ತು, ಸರಿಪಡಿಸಲಾಯಿತು" ಎಂದು ಬರೆದು ಸಹಿ ಹಾಕಿದರು. ಕಾರ್ಯದರ್ಶಿಗಳು ಅದಕ್ಕೆ ಸಂಘದ ಮೊಹರು ಒತ್ತಿದರು. ಹಾಗೆ, ದಾಖಲೆಯ ಪ್ರಕಾರ, ಆ ಕಂಪ್ಯೂಟರ್ ಸರಿಹೋದದ್ದು ನಾನು ಪಟ್ಟಿ ತೆಗೆದ ಎಂಟು ದಿನದ ಮೇಲೆ.

ಎರಡೂ ಮೆಮೊಗೆ ನಾನು ಒಂದೇ ಉತ್ತರ ಬರೆದೆ. ತಪ್ಪು ಮಾಡಿಲ್ಲ, ಕ್ಷಮೆ ಕೇಳುವುದಿಲ್ಲ, ಭಾನುವಾರ ಕಂಪ್ಯೂಟರನ್ನು ಕೋಣೆಯಿಂದ ಹೊರಗೆ ಒಯ್ದವರು ಯಾರು ಎಂದು ವಿಚಾರಿಸಬೇಕು. ಹದಿನೈದು ದಿನಕ್ಕೆ ನಿರ್ದೇಶಕರ ಮೀಟಿಂಗಿಗೆ ಕರೆ ಬಂತು. ಉದ್ದನೆಯ ಮೇಜಿನ ಸುತ್ತ ಒಂಬತ್ತು ಜನ ಗಂಡಸರು. ಕೊನೆಯಲ್ಲಿ ಅಧ್ಯಕ್ಷರು. ನನಗೆ ಕುರ್ಚಿ ಹಾಕಿರಲಿಲ್ಲ.

"ಭಾನುವಾರ ಒಯ್ದ್ರು ಅಂತ ನಿಮಗ್ಯಾರು ಹೇಳಿದ್ದು?" ಎಂದು ಕಾರ್ಯದರ್ಶಿಗಳು ಕೇಳಿದರು. ಅವರ ಕಣ್ಣು ಬಾಗಿಲ ಹತ್ತಿರ ನೀರಿನ ಲೋಟ ಜೋಡಿಸುತ್ತಿದ್ದ ಆಯಾಳ ಮೇಲಿತ್ತು. ಆಕೆಯದು ಕಾಯಂ ಕೆಲಸವಲ್ಲ, ಒಂದು ಮಾತಿಗೆ ಹೋಗುವಂಥದ್ದು. ಲೋಟದ ಸದ್ದು ನಿಂತಿತು.

"ಯಾರೂ ಹೇಳ್ಬೇಕಾಗಿಲ್ಲ ಸಾರ್" ಎಂದೆ.

ಬ್ಯಾಗಿನಿಂದ ಚುನಾವಣೆಯ ಕರಪತ್ರ ತೆಗೆದು ಮೇಜಿನ ಮೇಲಿಟ್ಟೆ. ಆ ವಾರವಷ್ಟೇ ಊರೆಲ್ಲ ಹಂಚಿದ್ದರು. ಮೇಲುಗಡೆ ಅಧ್ಯಕ್ಷರ ಫೋಟೊ. ಕಂಪ್ಯೂಟರಿನ ಮುಂದೆ ಕೂತು, ಕೀಲಿಗಳ ಮೇಲೆ ಬೆರಳಿಟ್ಟು, ಕ್ಯಾಮೆರಾ ನೋಡುತ್ತಿದ್ದಾರೆ. ಹಿಂದೆ ನಮ್ಮ ಜಗಲಿಯ ಕಂಬ, ಗೋಡೆಗೆ ಒರಗಿಸಿದ ತಕ್ಕಡಿ.

"ಇದು ಜಗಲಿ. ಜಗಲಿಯಲ್ಲಿ ಪ್ಲಗ್ ಇಲ್ಲ. ಅದಕ್ಕೇ ಪರದೆ ಕಪ್ಪಗಿದೆ ನೋಡಿ" ಎಂದೆ. "ನಾನು ಕೆಲಸ ಮಾಡೋ ಯಾವ ದಿನಾನೂ ಇದು ಜಗಲಿಗೆ ಬಂದಿಲ್ಲ."

ಕರಪತ್ರ ಒಂದು ಸುತ್ತು ಹೋಯಿತು. ಒಬ್ಬರು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನೊಬ್ಬರು ಕೆಮ್ಮಿದರು. ಅಧ್ಯಕ್ಷರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಸಣ್ಣ ವಿಷ್ಯ. ಫೈಲ್ ಮಾಡಿ ಬಿಡಿ" ಎಂದರು. ನಾನು, "ಇನ್ನೊಂದಿದೆ" ಎಂದೆ. ಆಯಾಳ ಕೈಯಲ್ಲಿ ಕಳಿಸಿದ ಪ್ರಶ್ನೆಯನ್ನು, ಯಾರ ಕೈಯಲ್ಲಿ ಎಂದು ಹೇಳದೆ, ಆ ಒಂಬತ್ತು ಜನರ ಮುಂದೆ ಕೇಳಿದ ಹಾಗೆಯೇ ಹೇಳಿದೆ. ಹೇಳುವಾಗ ದನಿ ನಡುಗಿತು, ಅದಕ್ಕೆ ಈಗಲೂ ನನ್ನ ಮೇಲೆ ನನಗೆ ಬೇಸರ. "ಇದನ್ನ ಯಾರು ಕೇಳಿದ್ದು, ಯಾಕೆ ಕೇಳಿದ್ದು, ನಡಾವಳಿಯಲ್ಲಿ ಬರ್ಕೊಳ್ಳಿ" ಎಂದೆ.

ಯಾರೂ ಬರೆದುಕೊಳ್ಳಲಿಲ್ಲ. ಕಾರ್ಯದರ್ಶಿಗಳು ಪೆನ್ನಿನ ಕ್ಯಾಪ್ ಹಾಕಿದರು. ಒಬ್ಬ ನಿರ್ದೇಶಕರು, "ಇದೆಲ್ಲ ಮೀಟಿಂಗ್‌ನಲ್ಲಿ ಮಾತಾಡೋದಾ ತಾಯಿ" ಎಂದು ಮೆಲ್ಲಗೆ ಗದರಿದರು. ನನ್ನನ್ನು ಕೇಳಬಹುದಾದ ಮಾತು ಅವರ ಮುಂದೆ ಹೇಳಬಾರದ ಮಾತಾಗಿತ್ತು.

ಚುನಾವಣೆ ಮುಗಿಯಿತು, ಅಧ್ಯಕ್ಷರೇ ಗೆದ್ದರು. ಎರಡು ತಿಂಗಳಿಗೆ ನನ್ನನ್ನು ಕುಣಿಗಲ್ ಶಾಖೆಗೆ ವರ್ಗ ಮಾಡಿದರು. ಅಲ್ಲಿ ಇದ್ದದ್ದು ಒಂದು ಟೈಪ್‌ರೈಟರ್, ಅದರಲ್ಲಿ ಒಂದು ಕೀಲಿ ಸಿಕ್ಕಿಕೊಳ್ಳುತ್ತಿತ್ತು. ನನ್ನ ಜಾಗಕ್ಕೆ ಬಂದವರು ಪದವಿ ಮುಗಿಸಿದ್ದ ಒಬ್ಬ ಗಂಡಸು, ಸಂಭಾವಿತರು, ಅವರ ಮೇಲೆ ನನಗೇನೂ ಇಲ್ಲ. ಅವರಿಗೆ ಒಂದು ವಾರ ಕೆಲಸ ಹೇಳಿಕೊಟ್ಟೆ. ಎಲ್ಲಕ್ಕಿಂತ ಮೊದಲು ಮುಚ್ಚಳ ಬಿಚ್ಚುವುದನ್ನು ಕಲಿಸಿದೆ. ಅವರು ಬಾಗಿಲ ಕಡೆ ನೋಡುತ್ತ, "ಬಿಚ್ಚಿದ್ರೆ ಮೆಮೊ ಕೊಡ್ತಾರಂತಲ್ಲ?" ಎಂದರು. "ಕೊಡ್ತಾರೆ, ಸಹಿ ಹಾಕಿ ತಗೊಳ್ಳಿ" ಎಂದೆ. ಆಯಾ ಬಸ್ ನಿಲ್ದಾಣದವರೆಗೂ ಬಂದು ನನ್ನ ಚೀಲವನ್ನು ಕಿಟಕಿಯಿಂದ ಎತ್ತಿಕೊಟ್ಟಳು.

ಕುಣಿಗಲ್‌ನಿಂದ ವರ್ಷಕ್ಕೊಂದು ಅರ್ಜಿ ಬರೆದೆ, ಎರಡೂ ಮೆಮೊ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು. ಮೂರು ಅರ್ಜಿಗೆ ಉತ್ತರವಿಲ್ಲ. ನಾಲ್ಕನೆಯದರ ಹೊತ್ತಿಗೆ ಹೊಸ ಕಾರ್ಯದರ್ಶಿ ಬಂದಿದ್ದರು. ಗುಬ್ಬಿಗೆ ಕರೆಸಿ, ಕೂರಿಸಿ, ಕಾಫಿ ತರಿಸಿ, "ಹಳೇದನ್ನ ಯಾಕಮ್ಮ ಕೆದಕ್ತೀರಿ, ಎಲ್ರೂ ಮರ್ತಿದಾರೆ" ಎಂದರು.

"ಅವ್ರು ಮರೀಬಹುದು ಸಾರ್. ನನ್ನ ಸರ್ವೀಸ್ ರಿಜಿಸ್ಟರ್‌ನಲ್ಲಿ ಬರೆದಿದೆಯಲ್ಲ."

ಅವರು ರಿಜಿಸ್ಟರ್ ತರಿಸಿ ಓದಿದರು. ಬಿಚ್ಚಿದ್ದಕ್ಕೆ ಕೊಟ್ಟ ಮೆಮೊದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸಹಿ ಹಾಕಿದರು. ಮೊದಲನೆಯದಕ್ಕೆ ಕೈ ಹಚ್ಚಲಿಲ್ಲ. ನನ್ನ ಅಜಾಗರೂಕತೆ ಅಲ್ಲವೆಂದು ಬರೆದರೆ ಯಾರದ್ದು ಎಂದು ಬರೆಯಬೇಕಾಗುತ್ತದೆ, ಆ ಅಧ್ಯಕ್ಷರು ಇನ್ನೂ ಇದ್ದಾರೆ ಎಂದು ಮೆಲ್ಲಗೆ ಹೇಳಿದರು. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಎದ್ದೆ. ಮಧ್ಯಾಹ್ನದ ಬಸ್ಸಿಗೆ ತುಮಕೂರು, ಅಲ್ಲಿಂದ ಕುಣಿಗಲ್. ಮರುದಿನ ಆಫೀಸಿಗೆ ಹೋದವಳೇ ಐದನೆಯ ಅರ್ಜಿಗೆಂದು ಟೈಪ್‌ರೈಟರಿಗೆ ಕಾಗದ ಏರಿಸಿದೆ.